ನಾಲ್ಕು ಬೆರಳಿನ ಸಂದು

ಎಮ್ಮೆ ಬಾಳಿಕೆ ಬರುತ್ತೋ ಕುದುರೆ ಬಾಳಿಕೆ ಬರುತ್ತೋ ಅಂತ ಈಗಲೂ ನನ್ನನ್ನು ಕೇಳುವವರಿದ್ದಾರೆ. ದನದ ವ್ಯಾಪಾರ ನನ್ನದಲ್ಲ. ತುಮಕೂರಿನಲ್ಲಿ ನಮ್ಮದು ಕಮಾನು ಪಟ್ಟಿಯ ಅಂಗಡಿ. ಲಾರಿ, ಪಿಕಪ್ಪುಗಳ ಹಿಂದಿನ ಚಕ್ರದ ಹತ್ತಿರ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿರುತ್ತಾರಲ್ಲ, ಹೊರೆಯೆಲ್ಲ ಕೂರುವುದು ಅವುಗಳ ಮೇಲೆ. ಅವನ್ನು ಕಾಯಿಸಿ, ಬಡಿದು, ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಹದ ಮಾಡುವುದು ನಮ್ಮ ತಂದೆಯ ಕಸುಬು. ಅವರ ನಂತರ ನನ್ನದು. ಎಮ್ಮೆ, ಕುದುರೆ ಎಂಬುದು ಎರಡು ಡೀಸೆಲ್ ಪಿಕಪ್ಪುಗಳಿಗೆ ನಮ್ಮ ಕಡೆಯ ಡ್ರೈವರುಗಳು ಇಟ್ಟ ಹೆಸರು. ತೊಂಬತ್ತರ ದಶಕದುದ್ದಕ್ಕೂ ಓಡಿದ ಚೌಕ ಮೂತಿಯ ಹಳೆಯ ಗಾಡಿ ಎಮ್ಮೆ. ಆ ದಶಕ ಮುಗಿಯುವ ಹೊತ್ತಿಗೆ ಬಂದ ನುಣುಪು ಮೂತಿಯ ಹೊಸದು ಕುದುರೆ. ಹೆಸರಿಟ್ಟವರು ಕುಣಿಗಲ್ಲಿನವರು. ಊರಲ್ಲೇ ಕುದುರೆ ಫಾರಂ ಇಟ್ಟುಕೊಂಡವರಿಗೆ ಚೆನ್ನಾಗಿ ಓಡುವುದೆಲ್ಲ ಕುದುರೆಯಾಗಿಯೇ ಕಾಣುತ್ತದೆ.

ಗಾಡಿ ಕೊಳ್ಳುವವರು ಮೆಕ್ಯಾನಿಕ್ಕನ್ನು ಕೇಳುವುದು ಬಿಟ್ಟು ನಮ್ಮನ್ನು ಕೇಳಲು ಕಾರಣವಿತ್ತು. ಮಾಲೀಕರ ಮಾತು ನಂಬುವ ಹಾಗಿಲ್ಲ, ಹೆತ್ತವರಿಗೆ ಹೆಗ್ಗಣ ಮುದ್ದು. ಮೆಕ್ಯಾನಿಕ್ಕಿಗೆ ಯಾವ ಗಾಡಿ ಹೆಚ್ಚು ಕೆಡುತ್ತದೋ ಅದೇ ಮುದ್ದು. ನಮ್ಮ ಹತ್ತಿರ ಮಾತ್ರ ಗುರುತು ಇತ್ತು. ನಮ್ಮ ತಂದೆ ತಾವು ಹಾಕಿದ ಪ್ರತಿ ಪಟ್ಟಿಯ ಒಳಮೈಗೆ ಉಳಿಯಿಂದ ಮೂರು ಗೀರು ಹೊಡೆಯುತ್ತಿದ್ದರು. ಆ ಗೀರಿರುವ ಪಟ್ಟಿ ಮುರಿದರೆ ಇನ್ನೊಂದನ್ನು ಪುಕ್ಕಟೆ ಹಾಕಿಕೊಡುವುದು ಅಂಗಡಿಯ ಪದ್ಧತಿ. ಆದ್ದರಿಂದ ಮುರಿದ ಗಾಡಿಯೆಲ್ಲ ನಮ್ಮ ಬಾಗಿಲಿಗೇ ವಾಪಸ್ಸು ಬರುತ್ತಿತ್ತು. ಯಾವುದು ಎಷ್ಟು ವರ್ಷ ತಡೆಯಿತು, ಯಾವುದರ ಛಾಸಿ ಬಿರುಕು ಬಿಟ್ಟಿತು, ಯಾವುದರ ತಳ ತುಕ್ಕು ತಿಂದಿತು, ಎಲ್ಲ ಗಾಡಿಯ ಕೆಳಗೆ ಅಂಗಾತ ಮಲಗಿ ನೋಡಿದ್ದೇವೆ. ನನಗಂತೂ ತುಮಕೂರಿನ ಆಕಾಶಕ್ಕಿಂತ ಪಿಕಪ್ಪುಗಳ ಹೊಟ್ಟೆಯೇ ಚೆನ್ನಾಗಿ ಪರಿಚಯ.

ಎಮ್ಮೆಯ ಗುಣ ಹೇಳುತ್ತೇನೆ. ಚಳಿಗಾಲದ ಬೆಳಿಗ್ಗೆ ನಾಲ್ಕು ಜನ ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹೊಗೆ ಬಿಟ್ಟರೆ ಹಿಂದೆ ಬರುವವನಿಗೆ ದಾರಿ ಕಾಣುತ್ತಿರಲಿಲ್ಲ. ಮೂರು ವರ್ಷಕ್ಕೆ ಸ್ಟೇರಿಂಗು ಸಡಿಲ, ಐದಕ್ಕೆ ಬ್ಯಾಟರಿಯ ಕೆಳಗೆ ತೂತು. ಆದರೆ ಸಿ.ಎಸ್. ಪುರದ ಆಚೆ ಯಾವುದೋ ತೋಟದಲ್ಲಿ ಕೆಟ್ಟು ನಿಂತರೂ ಒಂದು ಸ್ಪ್ಯಾನರು, ಒಂದು ಗಜ ತಂತಿ ಇದ್ದರೆ ಡ್ರೈವರೇ ಎಬ್ಬಿಸಿಕೊಂಡು ಬರುತ್ತಿದ್ದ. ಹದಿನೈದು ವರ್ಷ ತೆಂಗಿನಕಾಯಿ ಹೊತ್ತು, ಆಮೇಲೆ ಇಟ್ಟಿಗೆ ಹೊತ್ತು, ಕೊನೆಗೆ ನೀರಿನ ಟ್ಯಾಂಕು ಹೊತ್ತ ಎಮ್ಮೆಗಳನ್ನು ನಾನು ಕಂಡಿದ್ದೇನೆ. ಕುದುರೆಯದು ಬೇರೆ ದಾರಿ. ಕೀಲಿ ತಿರುಗಿಸಿದರೆ ಸಾಕು, ಕೆಮ್ಮದೆ ಏಳುತ್ತಿತ್ತು. ಎಂಜಿನ್ನು ತಣ್ಣಗೆ, ಸೀಟು ಮೆತ್ತಗೆ, ಉಕ್ಕು ಒಳ್ಳೆಯದು. ಕೆಟ್ಟರೆ ಮಾತ್ರ ಡ್ರೈವರ ಕೈಗೆ ಬಗ್ಗುತ್ತಿರಲಿಲ್ಲ, ಕಲಿತವನೇ ಬರಬೇಕಿತ್ತು. ಇದರ ಜೊತೆಗೆ ಕುದುರೆಗೆ ಇನ್ನೊಂದು ಕೆಟ್ಟ ಹೆಸರೂ ನಿಧಾನವಾಗಿ ಅಂಟಿಕೊಂಡಿತು. ಲೋಡಾದರೆ ಬ್ರೇಕು ಸಾಲದು ಅಂತ. ಗುಬ್ಬಿಯಲ್ಲೂ ಕುಣಿಗಲ್ಲಲ್ಲೂ ಅದೇ ಮಾತು. ಕಂಪನಿಯವರು ಬ್ರೇಕಿನಲ್ಲಿ ಕೈ ಬಿಗಿ ಮಾಡಿದ್ದಾರೆ ಅಂತ ಎಲ್ಲರೂ ಬೈದರು. ಬೈದವರಲ್ಲಿ ನಾನು ಇರಲಿಲ್ಲ. ನಾನು ಬೈದದ್ದು ಡ್ರೈವರುಗಳನ್ನು.

ನಮ್ಮ ಕಡೆ ಗಾಡಿಯನ್ನು ಕಂಪನಿ ಮಾಡಿದ ಹಾಗೆ ಯಾರೂ ಓಡಿಸುವುದಿಲ್ಲ. ಹೊಸ ಪಿಕಪ್ಪು ಷೋರೂಮಿನಿಂದ ಪೂಜೆಗೋ ದರ್ಗಾಕ್ಕೋ ಹೋಗಿ, ಅಲ್ಲಿಂದ ನೆಟ್ಟಗೆ ನಮ್ಮ ಅಂಗಡಿಗೆ ಬರುತ್ತಿತ್ತು. ಚಕ್ರಕ್ಕೆ ಹತ್ತಿದ ನಿಂಬೆಹಣ್ಣಿನ ರಸ ಇನ್ನೂ ಆರಿರುತ್ತಿರಲಿಲ್ಲ, ನಾವು ಕೆಳಗೆ ಮಲಗಿ ಹಿಂದಿನ ಪಟ್ಟಿ ಬಿಚ್ಚುತ್ತಿದ್ದೆವು. ಎರಡು ಕಡೆಗೂ ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸುವುದು. ಕಂಪನಿ ಹೇಳಿದ ತೂಕಕ್ಕೆ ಅದರ ಅರ್ಧ ಸೇರಿಸಿ ಹೇರಿದರೂ ಹಿಂಭಾಗ ಕೂರಬಾರದು. ಮೊದಲ ಲೋಡಿನ ದಿನ ನಮ್ಮ ತಂದೆ ತಾವೇ ತೋಟಕ್ಕೆ ಹೋಗುತ್ತಿದ್ದರು. ಕಾಯಿ ತುಂಬಿದ ಮೇಲೆ ಗಾಡಿಯ ಕೆಳಗೆ ಕೈ ತೂರಿಸಿ, ಹಿಂದಿನ ಅಚ್ಚನ್ನು ಮುಚ್ಚಿದ ಹೌಸಿಂಗಿಗೂ ಮೇಲೆ ಛಾಸಿಗೆ ಕೂರಿಸಿದ ರಬ್ಬರಿಗೂ ನಡುವೆ ಬೆರಳಿಟ್ಟು ನೋಡುವರು. ನಾಲ್ಕು ಬೆರಳು ಅಡ್ಡ ಹಿಡಿಸಿದರೆ ಕೆಲಸ ಸರಿ. ಮೂರೇ ಹಿಡಿಸಿದರೆ ಬಿಚ್ಚಿ ಮತ್ತೆ ಕಾಯಿಸಬೇಕು. ಅವರು ತೀರಿಕೊಂಡ ಮೇಲೆ ನಾನೂ ಹಾಗೆಯೇ ಮಾಡಿದೆ. ನನ್ನ ಬೆರಳು ಅವರದಕ್ಕಿಂತ ದಪ್ಪ, ಹಾಗಾಗಿ ನನ್ನ ಪಟ್ಟಿ ಅವರದಕ್ಕಿಂತ ಗಟ್ಟಿ. ಈ ಮಾತನ್ನು ನಾನು ಎಲ್ಲರೆದುರೂ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಅಣ್ಣ ಪಟ್ಟಿ ಬಡಿಯಲಿಲ್ಲ. ಕುಲುಮೆಯ ಶಾಖ ಅವನಿಗಾಗುತ್ತಿರಲಿಲ್ಲ. ಡ್ರೈವಿಂಗು ಕಲಿತು, ಹಳೆಯ ಎಮ್ಮೆಯೊಂದನ್ನು ಕೊಂಡು, ಗುಬ್ಬಿ ತಾಲ್ಲೂಕಿನ ತೋಟಗಳಿಂದ ತುಮಕೂರಿನ ಮಂಡಿಗಳಿಗೆ ಕಾಯಿ ಸಾಗಿಸುತ್ತಿದ್ದ. ಮಾತು ಕಡಿಮೆ. ಹಾರನ್ನು ಕೂಡ ಬೇಕೋ ಬೇಡವೋ ಎಂಬಂತೆ ಒತ್ತುವ ಮನುಷ್ಯ. ಎಮ್ಮೆ ಮುದಿಯಾದಾಗ ಇನ್ನೊಂದು ಎಮ್ಮೆಯನ್ನೇ ನೋಡಿದ್ದ. ಬೇಡ, ಕುದುರೆ ತಗೋ ಅಂತ ಹಟ ಹಿಡಿದವನು ನಾನು. ಅದರ ಪಟ್ಟಿಯ ಉಕ್ಕು ಎಂಥದು, ಛಾಸಿಯ ದಪ್ಪ ಎಷ್ಟು, ಹತ್ತು ವರ್ಷ ಮಿಸುಕಲ್ಲ ಅಂತ ಒಂದು ವಾರ ತಲೆ ತಿಂದೆ. ಅವನು ತಂದ. ನಾನೇ ಎರಡೆರಡು ಪಟ್ಟಿ ಸೇರಿಸಿ ಮೂರು ಗೀರು ಹೊಡೆದೆ. ಚೇಳೂರಿನ ಮೊದಲ ಲೋಡಿಗೆ ನಾನೂ ಹೋಗಿ ಕೆಳಗೆ ಕೈ ತೂರಿಸಿದೆ. ನಾಲ್ಕು ಬೆರಳು ಹಿಡಿಸಿ ಇನ್ನೂ ಸ್ವಲ್ಪ ಜಾಗ ಮಿಕ್ಕಿತ್ತು. ಅವತ್ತು ನನಗಾದ ಖುಷಿಯನ್ನು ನಾನು ಇನ್ನೂ ಮರೆತಿಲ್ಲ.

ತಿಂಗಳು ಕಳೆಯುವುದರೊಳಗೆ ಅಣ್ಣ ಅಂಗಡಿಗೆ ಬಂದು ಬ್ರೇಕಿನ ಮಾತು ತೆಗೆದ. ಖಾಲಿ ಇದ್ದಾಗ ಚೆನ್ನಾಗಿ ಹಿಡಿಯುತ್ತದೆ, ಲೋಡಾದರೆ ಮುಂಭಾಗ ಮೂಗು ತಗ್ಗಿಸುತ್ತದೆ, ಹಿಂಭಾಗ ಯಾರೋ ತಳ್ಳಿದ ಹಾಗೆ ಮುಂದಕ್ಕೆ ಬರುತ್ತದೆ ಎಂದ. ಬ್ರೇಕಿನವನ ಹತ್ತಿರ ಕಳಿಸಿದೆ. ಅವನು ಲೈನರು ಬದಲಿಸಿ, ಖಾಲಿ ಗಾಡಿಯನ್ನು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ಸರಿಯಿದೆ ಎಂದ. ಮತ್ತೆ ಒಂದು ತಿಂಗಳಿಗೆ ಅದೇ ದೂರು, ಅದೇ ಬ್ರೇಕಿನವನು, ಅದೇ ಖಾಲಿ ಗಾಡಿ. ಕಾಯಿ ತುಂಬಿದ ಗಾಡಿಯನ್ನು ರಿಪೇರಿಗೆ ಯಾರು ತಾನೇ ತರುತ್ತಾರೆ? ಮೂರನೆಯ ಸಲ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದೆ. ಎಲ್ಲರೂ ನಕ್ಕರು. ಅಣ್ಣ ಆಮೇಲೆ ಬ್ರೇಕಿನ ಮಾತು ಎತ್ತಲಿಲ್ಲ.

ಅದಾದ ಎಷ್ಟೋ ತಿಂಗಳ ಮೇಲೆ, ಒಂದು ಮಟಮಟ ಮಧ್ಯಾಹ್ನ, ಸಿ.ಎಸ್. ಪುರದ ಕಡೆಯಿಂದ ಭರ್ತಿ ಕಾಯಿ ಹೇರಿಕೊಂಡು ಬರುತ್ತಿದ್ದ. ಕಡಬದ ಕೆರೆ ಏರಿಯಿಂದ ರಸ್ತೆ ಇಳಿಯುವ ಕಡೆ ಒಬ್ಬ ರೈತ ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಅಡ್ಡ ದಾಟಿದ. ಅವನು ದಾಟುವುದು ಅಣ್ಣನಿಗೆ ದೂರದಿಂದಲೇ ಕಾಣಿಸಿತ್ತಂತೆ. ದೂರದಿಂದಲೇ ಬ್ರೇಕು ತುಳಿದನಂತೆ. ಗಾಡಿ ನಿಲ್ಲಲಿಲ್ಲ.

ಗದ್ದೆಯಲ್ಲಿದ್ದವರು ಓಡಿ ಬಂದರು. ಗಾಯಾಳುವನ್ನು ಮಲಗಿಸಲು ಜಾಗ ಬೇಕೆಂದು ಕಾಯಿಯನ್ನೆಲ್ಲ ಏರಿಯ ಪಕ್ಕಕ್ಕೆ ಸುರಿದರು. ಅದೇ ಗಾಡಿಯಲ್ಲಿ ಅವನನ್ನು ಗುಬ್ಬಿಗೆ ಒಯ್ದವನೂ ಅಣ್ಣನೇ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಆ ದಾರಿಯುದ್ದಕ್ಕೂ ಬ್ರೇಕು ಚೆನ್ನಾಗಿಯೇ ಹಿಡಿಯಿತಂತೆ. ಇದನ್ನೂ ಅಣ್ಣನೇ ಪೊಲೀಸರಿಗೆ ಹೇಳಿದ. ಮುಚ್ಚಿಡುವುದು ಅವನಿಗೆ ಗೊತ್ತಿರಲಿಲ್ಲ. ಗಾಡಿಯನ್ನು ಪರೀಕ್ಷೆ ಮಾಡಿದ ಅಧಿಕಾರಿಯೂ ಖಾಲಿ ಗಾಡಿಯನ್ನೇ ಓಡಿಸಿ, ಬ್ರೇಕಿನಲ್ಲಿ ದೋಷವಿಲ್ಲ ಎಂದು ಬರೆದರು. ಅಲ್ಲಿಗೆ ಅಣ್ಣನ ಮಾತಿಗೆ ಬೆಲೆ ಹೋಯಿತು. ಇವನು ತೂಕಡಿಸಿದ್ದಾನೆ, ಈಗ ಗಾಡಿಯ ಮೇಲೆ ಹಾಕುತ್ತಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿದರು.

ನಾನೂ. ಗಾಡಿ ಬಿಡಿಸಿಕೊಂಡು ಬರಲು ಹೋದವನು ಗುಬ್ಬಿಯಿಂದ ತುಮಕೂರಿಗೆ ಬರುವಾಗ ಬೇಕಂತಲೇ ಆರೇಳು ಸಲ ಜೋರಾಗಿ ಬ್ರೇಕು ಹೊಡೆದು ನೋಡಿದೆ. ಒಂದು ಸಲವಂತೂ ಹಣೆ ಗಾಜಿಗೆ ತಾಗುವ ಹಾಗೆ ನಿಂತಿತು. ಮನೆಯಲ್ಲಿ ನಮ್ಮ ಮಾತು ಉರ್ದು, ಆದರೆ ಜಗಳಕ್ಕೆ ಮಾತ್ರ ನಾನೂ ಅಣ್ಣನೂ ಅಂಗಡಿಯ ಕನ್ನಡಕ್ಕೆ ಇಳಿಯುತ್ತಿದ್ದೆವು. ಅಮ್ಮನಿಗೆ ಅರ್ಥವಾಗದಿರಲಿ ಅಂತ ಚಿಕ್ಕಂದಿನಲ್ಲಿ ಶುರುವಾದ ಅಭ್ಯಾಸ. ಅವತ್ತು ಕನ್ನಡದಲ್ಲಿ ಹೇಳಿದೆ.

"ಬ್ರೇಕ್ ಸರಿಯಾಗೈತೆ. ನಿದ್ದೆ ಹೊಡ್ದಿದೀಯ ನೀನು."

"ತುಳಿದೆ ಕಣೋ," ಎಂದ ಅಣ್ಣ. "ಎರಡು ಕಾಲಲ್ಲೂ ತುಳಿದೆ."

ಅವನ ವಕೀಲರು ನನ್ನನ್ನು ಕರೆಸಿಕೊಂಡರು. ಅಣ್ಣ ಮೊದಲಿನಿಂದ ಬ್ರೇಕಿನ ದೂರು ಹೇಳುತ್ತಿದ್ದನೆಂದು ನ್ಯಾಯಾಲಯದಲ್ಲಿ ಹೇಳಿದರೆ ಸ್ವಲ್ಪ ಉಪಯೋಗವಾದೀತು ಎಂದರು. ಅದು ನಿಜವೇ ಆಗಿತ್ತು. ಆದರೆ ಗಾಡಿ ಸರಿಯಿತ್ತು ಎಂದು ನನ್ನ ಹಣೆಗೇ ಗೊತ್ತಿರುವಾಗ ಸರಿಯಿರಲಿಲ್ಲ ಎಂಬ ಅರ್ಥ ಬರುವ ಹಾಗೆ ನಾನು ಹೇಗೆ ಹೇಳಲಿ, ಸುಳ್ಳು ಸಾಕ್ಷಿ ನನ್ನಿಂದಾಗದು ಎಂದೆ. ದೊಡ್ಡ ಸತ್ಯವಂತನ ಹಾಗೆ ಎದ್ದು ಬಂದೆ. ಅಣ್ಣನಿಗೆ ಆರು ತಿಂಗಳು ಸಜೆಯಾಯಿತು.

ಹೊರಗೆ ಬಂದ ಮೇಲೆ ಅವನು ಗಾಡಿ ಮುಟ್ಟಲಿಲ್ಲ. ನನ್ನ ಮೊಪೆಡ್ಡನ್ನು ಕೂಡ ಬೇಕಾದರೆ ತಳ್ಳಿಕೊಂಡು ಹೋಗುತ್ತಿದ್ದ. ತುಮಕೂರಿನಲ್ಲೇ ಗುಬ್ಬಿ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಎಳನೀರು ಮಾರಲು ನಿಂತ. ಕುದುರೆಯನ್ನು ಕುಣಿಗಲ್ಲಿನವರೊಬ್ಬರು ಕೊಂಡರು. ನಾವು ಒಂದೇ ಮನೆಯಲ್ಲಿದ್ದೆವು, ಒಂದೇ ತಟ್ಟೆಯ ಸುತ್ತ ಕೂರುತ್ತಿದ್ದೆವು. ಆದರೆ ಅವನು ನನ್ನ ಜೊತೆ ಕನ್ನಡದಲ್ಲಿ ಜಗಳ ಆಡುವುದನ್ನು ಬಿಟ್ಟ. ಅದು ಕ್ಷಮೆ ಅಂತ ನಾನು ಅಂದುಕೊಂಡಿದ್ದೆ.

ಹೀಗೇ ನಾಲ್ಕೈದು ವರ್ಷ ಕಳೆಯಿತು. ಒಂದು ಸಂಕ್ರಾಂತಿಯ ಮಾರನೆಯ ವಾರ, ಒಬ್ಬ ಗಿರಾಕಿ ತನ್ನ ಹೊಸ ಕುದುರೆಗೆ ಪಟ್ಟಿ ಹಾಕಿಸಲು ಬಂದ. ಜೊತೆಯಲ್ಲಿ ಅವನ ಷಡ್ಡಕ ಇದ್ದ, ಎಲ್ಲೋ ದೊಡ್ಡ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ಕು. ನಾನು ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದಾಗ ಅವನೂ ಬಗ್ಗಿ ನೋಡಿದ. ಹಿಂದಿನ ಹೌಸಿಂಗಿನಿಂದ ಛಾಸಿಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ, ಬೆರಳು ಗಾತ್ರದ್ದು. ಎಮ್ಮೆಯಲ್ಲಿ ಅದು ಇರಲಿಲ್ಲ. ಕುದುರೆಯಲ್ಲಿ ನಾನು ಅದನ್ನು ನೂರು ಸಲ ನೋಡಿದ್ದೆ, ಏನೋ ಇರಬೇಕು ಅಂತ ಬಿಟ್ಟಿದ್ದೆ. ಪಟ್ಟಿ ಸೇರಿಸಿದ ಮೇಲೆ ಈ ಕಡ್ಡಿ ಅಡ್ಜಸ್ಟ್ ಮಾಡುತ್ತೀರೋ ಇಲ್ಲವೋ ಅಂತ ಅವನು ಕೇಳಿದ. ಯಾಕೆ ಮಾಡಬೇಕು ಎಂದೆ.

ಅವನು ಕೈಯಲ್ಲೇ ತೋರಿಸಿ ವಿವರಿಸಿದ. ಹೊರೆ ಹೇರಿದಾಗ ಗಾಡಿಯ ಹಿಂಭಾಗ ಕೂರುತ್ತದೆ. ಕೂತಷ್ಟೂ ಆ ಕಡ್ಡಿ ಜರುಗುತ್ತದೆ. ಕಡ್ಡಿ ಜರುಗಿದಷ್ಟೂ ಹಿಂದಿನ ಚಕ್ರಗಳಿಗೆ ಬ್ರೇಕಿನ ಒತ್ತಡ ಹೆಚ್ಚು ಹೋಗುತ್ತದೆ. ಗಾಡಿ ಖಾಲಿಯೋ ಭರ್ತಿಯೋ ಎಂದು ಬ್ರೇಕಿಗೆ ಗೊತ್ತಾಗುವುದು ಆ ಕಡ್ಡಿಯಿಂದ ಮಾತ್ರ. ಹಿಂಭಾಗ ಕೂರದಿದ್ದರೆ, ಎಷ್ಟೇ ಹೇರಿರಲಿ, ಗಾಡಿ ಖಾಲಿ ಎಂದೇ ಅದರ ಲೆಕ್ಕ.

ನಾನು ಕೆಳಗಿನಿಂದ ಏಳಲಿಲ್ಲ. ಮತ್ತೊಂದು ಸಲ ಹೇಳು ಎಂದೆ. ಅವನು ಮತ್ತೊಂದು ಸಲ ಹೇಳಿದ. ಹಿಂಭಾಗ ಕೂರದ ಹಾಗೆ ಮಾಡುವುದೇ ನಮ್ಮ ಮನೆತನದ ಕಸುಬು. ಊರಿನಲ್ಲಿ ಯಾರಿಗಿಂತಲೂ ಗಟ್ಟಿಯಾಗಿ ಅದನ್ನು ಮಾಡಿದವನು ನಾನು.

ಆದರೂ ನಂಬದೆ, ಅದೇ ವಾರ ನಾನೇ ಪಟ್ಟಿ ಸೇರಿಸಿದ್ದ ಪಕ್ಕದ ಅಂಗಡಿಯವರ ಕುದುರೆಗೆ ಹಳೆಯ ಕಬ್ಬಿಣ ತುಂಬಿಸಿ ರಿಂಗ್ ರಸ್ತೆಗೆ ಒಯ್ದೆ. ಬ್ರೇಕು ತುಳಿದಾಗ ಅಣ್ಣ ಹೇಳಿದ ಹಾಗೆಯೇ ಮೂಗು ತಗ್ಗಿತು, ಹಿಂದಿನಿಂದ ಯಾರೋ ತಳ್ಳಿದ ಹಾಗಾಯಿತು. ಇಳಿದು ಕಡ್ಡಿಯ ನಟ್ಟು ಸಡಿಲಿಸಿ, ಭರ್ತಿ ಗಾಡಿಗೆ ಎಲ್ಲಿರಬೇಕೋ ಅಲ್ಲಿಗೆ ಜರುಗಿಸಿ ಬಿಗಿದು ಮತ್ತೆ ತುಳಿದೆ. ನಾಲ್ಕು ಚಕ್ರವೂ ಕಚ್ಚಿ ನಿಂತವು. ರಸ್ತೆಯ ಪಕ್ಕ ಕೂತು ಅತ್ತೆ. ನೆಲ ಡೊಂಕಾಗಿಯೇ ಇತ್ತು, ಡೊಂಕು ಮಾಡಿದವನು ನಾನು.

ಅಲ್ಲಿಂದ ನಾಲ್ಕೈದು ತಿಂಗಳು ಹುಚ್ಚು ಹಿಡಿದವನ ಹಾಗೆ ತಿರುಗಿದೆ. ಗುಬ್ಬಿ, ಚೇಳೂರು, ಕುಣಿಗಲ್, ಕಡಬ, ಎಲ್ಲೆಲ್ಲಿ ನನ್ನ ಮೂರು ಗೀರಿನ ಕುದುರೆಗಳಿದ್ದವೋ ಅಲ್ಲೆಲ್ಲ ಹೋಗಿ ಕಡ್ಡಿ ಸರಿ ಮಾಡಿದೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ಅಂದರೆ ಇದೇ. ಕೆಲವರು ನಕ್ಕರು, ಕೆಲವರು ಗಾಡಿ ಮುಟ್ಟಲು ಬಿಡಲಿಲ್ಲ. ಅಣ್ಣನ ಹಳೆಯ ಗಾಡಿಯೂ ಕುಣಿಗಲ್ಲಿನಲ್ಲಿ ಸಿಕ್ಕಿತು. ಕೆರೆಯ ಹತ್ತಿರ ಮರಳು ಇಳಿಸುತ್ತಿತ್ತು. ಕೆಳಗೆ ತೂರಿ ನೋಡಿದರೆ ಪಟ್ಟಿ ಒಂದೂ ಮುರಿದಿರಲಿಲ್ಲ, ಎಂಜಿನ್ನು ಗಡಿಯಾರದ ಹಾಗಿತ್ತು. ಈ ಗಾಡಿ ಹತ್ತು ವರ್ಷ ಮಿಸುಕಲ್ಲ ಅಂತ ನಾನು ಹೇಳಿದ್ದ ಮಾತು ಸುಳ್ಳಾಗಿರಲಿಲ್ಲ. ಅದರ ಕಡ್ಡಿಯನ್ನೂ ಸರಿ ಮಾಡಿ, ಮಾಲೀಕನಿಗೆ ಏನೋ ಒಂದು ನೆಪ ಹೇಳಿ ಬಂದೆ.

ಇಷ್ಟೂ ದಿನ ಅಣ್ಣನಿಗೆ ಹೇಳಿರಲಿಲ್ಲ. ಧೈರ್ಯವಿರಲಿಲ್ಲ, ಅಷ್ಟೇ. ಗುಬ್ಬಿ ಗೇಟು ತಪ್ಪಿಸಿ ಬೇರೆ ಬೀದಿಯಿಂದ, ಅವನು ಉಂಡು ಮಲಗಿದ ಮೇಲೆ ಮನೆಗೆ ಹೋಗುತ್ತಿದ್ದೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ಗಿರಾಕಿಯಿಲ್ಲದ ಹೊತ್ತು ನೋಡಿ, ಅವನ ತಳ್ಳುಗಾಡಿಯ ಹತ್ತಿರ ನಿಂತು ಎಲ್ಲ ಹೇಳಿದೆ. ಕನ್ನಡದಲ್ಲೇ ಹೇಳಿದೆ. ಅವನು ಒಂದು ಎಳನೀರು ಕೊಚ್ಚಿ ನನ್ನ ಕೈಗೆ ಕೊಟ್ಟು ಕೇಳಿಸಿಕೊಂಡ. ಯಾವಾಗ ಗೊತ್ತಾಯಿತು ಎಂದು ಕೇಳಿದ. ಸಂಕ್ರಾಂತಿ ಆದ ಮೇಲೆ ಎಂದೆ. ಅವನು ಮಚ್ಚನ್ನು ಬಟ್ಟೆಯಲ್ಲಿ ಒರೆಸುತ್ತಾ ಇದ್ದ.

"ಗಾಡಿಗಳಿಗೆಲ್ಲ ಹೇಳ್ಬುಟ್ಟು ಬಂದಿದೀಯ," ಎಂದ. "ಕಡಬದ ಆ ಯಮ್ಮಂಗೆ ಹೇಳಿದ್ಯಾ?"

ಸತ್ತವನ ಹೆಂಡತಿಯ ವಿಷಯ. ಇಲ್ಲ ಎಂದೆ. ಅವನು ಕಾಯಿಗಳ ಮೇಲೆ ಗೋಣಿ ಹೊದಿಸಿ, ಪಕ್ಕದ ಬೀಡಾ ಅಂಗಡಿಯವನಿಗೆ ನೋಡಿಕೋ ಎಂದು ಹೇಳಿ, ಬಸ್ಸಿನ ಕಡೆ ನಡೆದ. ನಾನು ಹಿಂದೆ ಹೋದೆ.

ಆಕೆಯ ಮನೆ ಏರಿಯ ಈಚೆ ಬದಿಯಲ್ಲಿತ್ತು. ಅಣ್ಣನಿಗೆ ದಾರಿ ಗೊತ್ತಿದ್ದುದನ್ನು ನೋಡಿದರೆ ಅವನು ಹಿಂದೆಯೂ ಬಂದಿದ್ದನೆಂದು ಕಾಣುತ್ತದೆ. ಆಕೆ ಜಗಲಿಯ ಮೇಲೆ ತೆಂಗಿನ ಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ನಮ್ಮನ್ನು ಒಳಗೆ ಕರೆಯಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಜಗಲಿಯ ತುದಿಯಲ್ಲಿ ಕೂತೆವು. ಅಣ್ಣ ಒಂದು ಪೊರಕೆ ಕಡ್ಡಿಯನ್ನೇ ಕೈಗೆ ತೆಗೆದುಕೊಂಡು, ಹೊರೆ ಹೇರಿದರೆ ಏನಾಗುತ್ತದೆ, ಪಟ್ಟಿ ಸೇರಿಸಿದರೆ ಏನಾಗುತ್ತದೆ ಎಂದು ನಿಧಾನವಾಗಿ ತೋರಿಸಿದ. ಅವನು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆಕೆ ಕೊನೆತನಕ ಕೇಳಿಸಿಕೊಂಡಳು.

"ನೀನು ನಿದ್ದೆ ಹೋಗಿದ್ದೆ ಅಂದಿದ್ರಲ್ಲಪ್ಪ ಎಲ್ರೂವೆ."

"ಇಲ್ಲ ಕಣಮ್ಮ. ಎದ್ದಿದ್ದೆ."

ಆಕೆ ಒಂದು ಪೊರಕೆ ಕಟ್ಟಿ ಮುಗಿಸಿದಳು. ಆಮೇಲೆ ಕೇಳಿದಳು.

"ಆ ಪಟ್ಟಿ ಹಾಕ್ದೋರು ಯಾರು?"

ನಾನು ಹೇಳಬೇಕಿತ್ತು. ಹೇಳಲೆಂದೇ ಬಂದಿದ್ದೆ. ಬಸ್ಸಿನಲ್ಲಿ ಆ ಒಂದು ಮಾತನ್ನು ಎಷ್ಟು ಸಲ ಜೋಡಿಸಿಕೊಂಡಿದ್ದೆನೋ ಲೆಕ್ಕವಿಲ್ಲ. ಹೇಳುವ ಬದಲು ಕೈಗಳನ್ನು ಮಡಿಲಿಗೆ ಎಳೆದುಕೊಂಡೆ. ಆಕೆ ನನ್ನ ಮುಖ ನೋಡಿ, ಮಡಿಲಲ್ಲಿದ್ದ ನನ್ನ ಕೈಗಳನ್ನು ನೋಡಿದಳು. ಕುಲುಮೆಯ ಮುಂದೆ ಇಪ್ಪತ್ತು ವರ್ಷ ಕೂತವನ ಕೈಯ ಸುಟ್ಟ ಕಲೆಗಳನ್ನು ಎಲ್ಲಿ ಬಚ್ಚಿಡುವುದು?

"ಗೊತ್ತಿಲ್ಲ ಕಣಮ್ಮ," ಎಂದ ಅಣ್ಣ. "ನಾನು ಗಾಡಿ ತಗೊಂಡಾಗ್ಲೇ ಹಾಕಿತ್ತು."

ಆಕೆ ಮತ್ತೆ ಕೇಳಲಿಲ್ಲ. ಆಗಲಿ ಬುಡಪ್ಪ ಎಂದು ಇನ್ನೊಂದು ಗರಿ ಎಳೆದುಕೊಂಡಳು. ನಾವು ಏರಿಯ ಮೇಲೆ ನಡೆದು ಬಂದು ಬಸ್ಸಿಗೆ ಕಾದೆವು. ಗುಬ್ಬಿ ದಾಟುವವರೆಗೂ ಅಣ್ಣ ಕಿಟಕಿಯ ಆಚೆ ನೋಡುತ್ತಿದ್ದ. ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೂತಿದ್ದೆ.

ನ್ಯಾಯಾಲಯದಲ್ಲಿ ಅವನಿಗಾಗಿ ನಾನು ಹೇಳಬೇಕಿದ್ದದ್ದು ನಿಜವೇ ಆಗಿತ್ತು, ಅದನ್ನೂ ನಾನು ಹೇಳಿರಲಿಲ್ಲ. ಅಣ್ಣ ಸುಳ್ಳು ಹೇಳಿದ್ದನ್ನು ನನ್ನ ಜೀವಮಾನದಲ್ಲಿ ನಾನು ಕೇಳಿದ್ದು ಆವತ್ತು ಒಂದೇ ದಿನ.